ಹಾಕದೆ ಉಳಿದ ಒಂದು ಮತ

ನೀಲಿ ಡಬ್ಬಿ

ಅಮೆರಿಕದಲ್ಲಿ ನನ್ನನ್ನು ಮೊದಲು ಮಾತನಾಡಿಸಿದ ಅಪರಿಚಿತ ನನ್ನ ಮುಖ ನೋಡಿರಲಿಲ್ಲ. ಆ ಹೊತ್ತಿಗೆ ನನ್ನ ಮುಖ, ತಲೆ, ಸೊಂಟದವರೆಗಿನ ಮೈ ಎಲ್ಲವೂ ಒಂದು ನೀಲಿ ಕಸದ ಡಬ್ಬಿಯೊಳಗಿದ್ದವು. ಹೊರಗೆ ಕಾಣುತ್ತಿದ್ದದ್ದು ಮಳೆಗೆ ನೆನೆದ ಸೀರೆಯ ಅಂಚು ಮತ್ತು ನನ್ನ ತಂಗಿಯ ದೊಡ್ಡ ಬೂಟುಗಳು ಮಾತ್ರ.

ಅದು 2017ರ ಏಪ್ರಿಲ್. ತಂಗಿ ವಿಜಯಳ ಮಂಡಿಯ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ದಾವಣಗೆರೆಯಿಂದ ಬಂದಿದ್ದೆ. ವಿಜಿ ಬಹಳ ಹಿಂದೆ ವಿಮಾನದ ಲೋಹಗಳ ಬಗ್ಗೆ ಸಂಶೋಧನೆ ಮಾಡಲು ಸಿಯಾಟಲ್‌ಗೆ ಬಂದವಳು. ಇಲ್ಲೇ ಓದಿ, ಇಲ್ಲೇ ದುಡಿದು, ಇಲ್ಲೇ ನಿವೃತ್ತಳಾಗಿ, ಗಂಡನನ್ನೂ ಇಲ್ಲೇ ಕಳೆದುಕೊಂಡು, ಸಿಯಾಟಲ್ ಬಳಿಯ ಕರ್ಕ್‌ಲ್ಯಾಂಡ್‌ನಿಂದ ಉತ್ತರಕ್ಕೆ ಸರೋವರದ ದಡದ ಒಂದು ಸಣ್ಣ ಊರಿನಲ್ಲಿ ಒಬ್ಬಳೇ ಇದ್ದಳು. ಆ ಊರಿನ ಹೆಸರು ಬರೆಯುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಯಾರಿಗೆ, ಏಕೆ ಎಂಬುದು ಓದುತ್ತಾ ತಿಳಿಯುತ್ತದೆ.

ನನಗೆ ಬಂದ ಕಡೆ ಸುಮ್ಮನೆ ಕೂರಲು ಬರುವುದಿಲ್ಲ. ವಿಜಿಯ ಅಡುಗೆಮನೆಯ ಕಟ್ಟೆಯ ಮೇಲೆ ಪೀಟ್ಜಾದ ಕೂಪನ್ನು, ಹಲ್ಲಿನ ಡಾಕ್ಟರರ ಜಾಹೀರಾತು, ಹುಲ್ಲು ಕತ್ತರಿಸುವವನ ಚೀಟಿ ಎಲ್ಲ ರಾಶಿ ಬಿದ್ದಿದ್ದವು. ಎಲ್ಲವನ್ನೂ ಬಾಚಿ ನೀಲಿ ಡಬ್ಬಿಗೆ ಸುರಿದು ಬಂದೆ. ಮಧ್ಯಾಹ್ನ ವಿಜಿ ಕಾಲು ಚಾಚಿಕೊಂಡೇ ಕೂಗಿದಳು.

"ಅಕ್ಕ, ಇಲ್ಲೊಂದು ವೈಟ್ ಎನ್ವಲಪ್ ಇತ್ತಲ್ಲ, ದೊಡ್ಡದು, ನೋಡಿದ್ಯಾ? ನನ್ನ ಬ್ಯಾಲೆಟ್ ಅದು."

"ಏನು ಬ್ಯಾಲೆಟ್?"

"ಓಟಿಂದು ಕಣೇ. ಇಲ್ಲಿ ಪೋಸ್ಟಲ್ಲೇ ಬರತ್ತೆ. ಮನೇಲೇ ಫಿಲ್ ಮಾಡಿ ಕಳಿಸ್ತೀವಿ."

ನಾನು ಡಬ್ಬಿಯ ಕಡೆ ಓಡಿದೆ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರಾಗಿದ್ದವಳು. ಸರ್ವೀಸಿನ ಉದ್ದಕ್ಕೂ ಚುನಾವಣೆ ಡ್ಯೂಟಿ ಮಾಡಿದ್ದೇನೆ; ಕೊನೆಕೊನೆಗೆ ಮತಗಟ್ಟೆ ಅಧಿಕಾರಿಯೇ ಆಗಿದ್ದೆ. ಪೆಟ್ಟಿಗೆಯನ್ನು ಮಗುವಿನ ಹಾಗೆ ಪಕ್ಕದಲ್ಲಿಟ್ಟುಕೊಂಡು ಶಾಲೆಯ ಬೆಂಚಿನ ಮೇಲೆ ಮಲಗಿದವಳು ನಾನು. ಅರಗಿನ ಮುದ್ರೆ ಒಂದು ಚೂರು ಬಿರುಕು ಬಿಟ್ಟರೂ ಬೆವರುತ್ತಿದ್ದವಳು. ಅಂಥವಳು ಒಂದು ಮತಪತ್ರವನ್ನು ಪೀಟ್ಜಾ ಕೂಪನ್ನಿನ ಜೊತೆ ಕಸಕ್ಕೆ ಹಾಕಿದ್ದೆ. ಪುಣ್ಯಕ್ಕೆ ಕಸದ ಲಾರಿ ಇನ್ನೂ ಬಂದಿರಲಿಲ್ಲ.

ಹಾಗೆ ಡಬ್ಬಿಯ ತಳ ತಡಕಾಡುತ್ತಿದ್ದಾಗ ಹಿಂದಿನಿಂದ ಒಂದು ಗಂಡು ದನಿ ಕೇಳಿತು. ತಲೆ ಎತ್ತಿದೆ. ಪಕ್ಕದ ಮನೆಯಾತ, ಅರವತ್ತರ ಆಸುಪಾಸು, ಕೆಂಪು ಮುಖ, ಹೆಗಲ ಮೇಲೆ ಏಣಿ. ನನ್ನ ಕೈಯಲ್ಲಿದ್ದ ಬಿಳಿ ಲಕೋಟೆ ನೋಡಿದ.

"ಅದು ಸರಿಯಾದ ಜಾಗದಲ್ಲೇ ಇತ್ತಲ್ಲ ಮೇಡಂ, ಯಾಕೆ ತೆಗೆದ್ರಿ?" ಎಂದ.

ಹೇಳಿದವನೇ ತನ್ನ ಅಂಚೆ ಡಬ್ಬಿಯಿಂದ ಅಂಥದೇ ಎರಡು ಲಕೋಟೆ ತೆಗೆದ. ಒಂದನ್ನು ಜೇಬಿಗಿಟ್ಟುಕೊಂಡ. ಇನ್ನೊಂದನ್ನು ಒಡೆಯದೆ ತನ್ನ ನೀಲಿ ಡಬ್ಬಿಗೆ ಹಾಕಿ, ನನಗೊಂದು ಕಣ್ಣು ಮಿಟುಕಿಸಿ, ಏಣಿ ಹೊತ್ತು ಹೋದ. ಅವನ ಹೆಸರು ಡೆಕ್ಲನ್, ಐರ್ಲೆಂಡಿನವನು, ಮನೆಗಳ ಸೂರು ರಿಪೇರಿ ಮಾಡುತ್ತಾನೆ ಎಂದು ಒಳಗೆ ಹೋದ ಮೇಲೆ ವಿಜಿ ಹೇಳಿದಳು. ನನಗಂತೂ ಮೊದಲ ನೋಟಕ್ಕೇ ಅವನ ಮೇಲೆ ಸಿಟ್ಟು ಬಂದಿತ್ತು.

ಹಳೆಯ ಶಾಲೆಯ ಕಟ್ಟಡ

ಸಿಟ್ಟು ಒಂದು ವಾರ ಬಾಳಿತು. ಆಮೇಲೆ ಅವನ ಹೆಂಡತಿ ನೋರಾಳನ್ನು ನೋಡಿದೆ.

ನೋರಾಗೆ ಮರೆವಿನ ಕಾಯಿಲೆ. ಎತ್ತರದ ನಿಲುವು, ಬೆಳ್ಳಗಿನ ಕೂದಲು, ತಿದ್ದಿ ತೀಡಿದ ಉಡುಪು. ನೋಡಿದರೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಕೋಟು ತೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ಬಿಳಿ ವ್ಯಾನು ಬಂದು ಅವಳನ್ನು ಕರೆದುಕೊಂಡು ಹೋಗುತ್ತಿತ್ತು, ಸಂಜೆ ತಂದು ಬಿಡುತ್ತಿತ್ತು. ಆ ನಡುವಿನ ಹೊತ್ತಿನಲ್ಲಿ ಡೆಕ್ಲನ್ ಸೂರು ಹತ್ತುತ್ತಿದ್ದ.

ವಿಜಿಗೆ ಕೋಲು ಹಿಡಿದು ನಡೆಯಲು ಡಾಕ್ಟರ್ ಹೇಳಿದ ಮೇಲೆ ನಾವಿಬ್ಬರೂ ಆ ವ್ಯಾನು ಹೋಗುವ ಜಾಗಕ್ಕೇ ಒಮ್ಮೆ ಹೋದೆವು. ಊರಿನ ನಡುವೆ ಒಂದು ಹಳೆಯ ಶಾಲೆಯ ಕಟ್ಟಡ. ಈಗ ಅದು ಮರೆವಿನ ಹಿರಿಯರ ಹಗಲು ಮನೆ. ಒಳಗೆ ಕಾಲಿಟ್ಟರೆ ಶಾಲೆಯ ವಾಸನೆಯೇ: ಸೀಮೆಸುಣ್ಣ, ಒದ್ದೆ ಕೋಟು, ಬೇಯಿಸಿದ ಆಲೂಗಡ್ಡೆ. ಕಾರಿಡಾರಿನಲ್ಲಿ ಬಕೆಟ್‌ಗಳನ್ನು ಇಟ್ಟಿದ್ದರು. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಮೊದಲ ಶಾಲೆಯೂ ಹೀಗೇ ಇತ್ತು, ಬಕೆಟ್‌ಗಳು ಮಾತ್ರ ಇರಲಿಲ್ಲ.

ಒಂದು ಮೇಜಿನ ಬಳಿ ನೋರಾ ಕಾಗದದ ಕರವಸ್ತ್ರಗಳನ್ನು ಎಣಿಸುತ್ತಿದ್ದಳು. ಹೆಬ್ಬೆರಳಿಗೆ ಉಗುಳು ಸವರಿ, ಚಕಚಕ ಎಣಿಸಿ, ಒಂದು ಕಟ್ಟು ಆದೊಡನೆ ಅಡ್ಡ ತಿರುಗಿಸಿಟ್ಟು ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು. ಆ ಕೈ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಕಾಗದದ ಮತಪತ್ರಗಳ ಕಾಲದಲ್ಲಿ ಎಣಿಕೆ ಹಾಲಿನಲ್ಲಿ ನಾವು ಕಟ್ಟು ಕಟ್ಟುತ್ತಿದ್ದದ್ದೇ ಹಾಗೆ.

"ಇವಳು ಎಣಿಕೆಯವಳಾ?" ಎಂದು ಆ ಮನೆಯ ಮೇಲ್ವಿಚಾರಕಿ ಲಿಂಡಾಳನ್ನು ಕೇಳಿದೆ.

ಲಿಂಡಾಗೆ ಅರ್ಥವಾಗಲಿಲ್ಲ. ಅಂದೇ ಹೆಂಡತಿಯನ್ನು ಕರೆದೊಯ್ಯಲು ಬಂದ ಡೆಕ್ಲನ್ ಬೆರಗಾಗಿ ನನ್ನನ್ನು ನೋಡಿದ. "ನಿಮಗೆ ಹೇಗೆ ಗೊತ್ತಾಯ್ತು?" ಎಂದ.

ನೋರಾ ಐರ್ಲೆಂಡಿನ ಪಶ್ಚಿಮದ ಒಂದು ಸಣ್ಣ ದ್ವೀಪದವಳಂತೆ. ಅವರ ದೇಶದಲ್ಲಿ ಪೆಟ್ಟಿಗೆಗಳನ್ನು ಒಡೆದು ಚೀಟಿ ಬಿಡಿಸುವಾಗ ಕಟಕಟೆಯ ಈಚೆ ಪಕ್ಷಗಳ ಜನ ಪೆನ್ಸಿಲು ಹಿಡಿದು ನಿಂತಿರುತ್ತಾರೆ. ಅಧಿಕಾರಿಗಳು ಎಣಿಸಿ ಮುಗಿಸುವ ಮೊದಲೇ ಇವರು ಕಣ್ಣಲ್ಲೇ ಎಣಿಸಿ, ಯಾವ ಊರು ಯಾರಿಗೆ ಹಾಕಿತು ಎಂದು ಹೇಳಿಬಿಡುತ್ತಾರೆ. ನೋರಾಳ ಅಪ್ಪ ಅಂಥ ಎಣಿಕೆಯಲ್ಲಿ ಹೆಸರಾದವನು; ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ. ದ್ವೀಪದವರು ಒಂದು ದಿನ ಮೊದಲೇ ಓಟು ಹಾಕಬೇಕು, ಏಕೆಂದರೆ ಪೆಟ್ಟಿಗೆ ದೋಣಿಯಲ್ಲಿ ಬರಬೇಕು. ಸಮುದ್ರ ಕೆರಳಿದರೆ ಪೆಟ್ಟಿಗೆ ತಡವಾಗುತ್ತಿತ್ತು. ಅಪ್ಪ ಮಗಳು ದಡದಲ್ಲಿ ಅದಕ್ಕಾಗಿ ಕಾಯುತ್ತಿದ್ದರಂತೆ.

ಆಮೇಲೆ ಲಿಂಡಾ ನಮ್ಮನ್ನು ಕೂರಿಸಿ ಚಹಾ ಕೊಟ್ಟು ಆ ಬಿಳಿ ಲಕೋಟೆಯ ವಿಷಯ ಹೇಳಿದಳು. ಈ ಸಲದ ಮತ ಯಾವ ಮನುಷ್ಯನಿಗೂ ಅಲ್ಲ, ಈ ಕಟ್ಟಡಕ್ಕೆ. ಊರು ಸಾಲ ಎತ್ತಿ ಸೂರು, ಗೋಡೆ ಭದ್ರಮಾಡಬೇಕೋ ಬೇಡವೋ ಎಂದು ಜನರನ್ನೇ ಕೇಳಿದ್ದಾರೆ. ಬೇಡವಾದರೆ ಜೂನ್ ಕೊನೆಗೆ ಬೀಗ.

"ಊರಲ್ಲಿ ಯಾರೂ ಬೇಡ ಅನ್ನಲ್ಲ," ಎಂದಳು. "ಪ್ರತಿ ಮನೆ ಮುಂದೆ ನಮ್ಮ ಬೋರ್ಡ್ ಇದೆ. ನನಗೆ ಭಯ ಅದಲ್ಲ. ಸಾಲದ ವಿಷಯ ಅಂದ್ರೆ ಇಲ್ಲಿ ಎರಡು ಷರತ್ತು. ನೂರಕ್ಕೆ ಅರವತ್ತು ಜನ ಬೇಕು ಅನ್ನಬೇಕು. ಜೊತೆಗೆ, ಕಳೆದ ನವೆಂಬರ್‌ನಲ್ಲಿ ಓಟು ಹಾಕಿದವರಲ್ಲಿ ಹತ್ತಕ್ಕೆ ನಾಲ್ಕು ಜನದಷ್ಟಾದರೂ ಈ ಸಲ ಹಾಕಬೇಕು. ಕಳೆದ ನವೆಂಬರ್ ಅಧ್ಯಕ್ಷರ ಚುನಾವಣೆ. ಸತ್ತವರು ಬಿಟ್ಟು ಎಲ್ಲರೂ ಹಾಕಿದ್ರು. ಈಗ ಏಪ್ರಿಲ್. ಯಾರಿಗೂ ನೆನಪೇ ಇಲ್ಲ. ನಿಮ್ಮ ಪಕ್ಕದಲ್ಲಿ ನಮಗೆ ವಿರುದ್ಧ ಇರೋರು ಯಾರಾದ್ರೂ ಇದ್ರೆ ಅವರಿಗೂ ಹೇಳಿ, ಬೇಡ ಅಂತಾದ್ರೂ ಹಾಕ್ಲಿ. ಜನ ಲೆಕ್ಕಕ್ಕೆ ಬೇಕು."

ವಿರೋಧಿಯ ಮತವನ್ನೂ ಬೇಡಿ ನಿಂತವರನ್ನು ನಾನು ಮೊದಲ ಸಲ ನೋಡಿದ್ದು. ಡೆಕ್ಲನ್ ಮಾತ್ರ ಕಿಟಕಿಯಾಚೆ ಸೂರಿನ ಕಡೆ ನೋಡುತ್ತಾ ನಿಂತಿದ್ದ. ಪ್ರತಿ ಶನಿವಾರ ಅವನು ಪುಕ್ಕಟೆ ಬಂದು ಆ ಸೂರಿಗೆ ತೇಪೆ ಹಾಕುತ್ತಾನಂತೆ. ಲಿಂಡಾ ಅವನನ್ನು ಹೊಗಳಿದಳು. ನೀಲಿ ಡಬ್ಬಿಯ ವಿಷಯ ಬಾಯಿಗೆ ಬಂದದ್ದನ್ನು ನಾನು ಚಹಾದ ಜೊತೆ ನುಂಗಿಕೊಂಡೆ.

ಬೆಲ್‌ವ್ಯೂನಲ್ಲಿ ಒಬ್ಬಟ್ಟು

ಆ ವಾರದ ಕೊನೆಗೆ ಬೆಲ್‌ವ್ಯೂನಲ್ಲಿ ವಿಜಿಯ ಗೆಳತಿಯ ಮನೆಯಲ್ಲಿ ತಡವಾದ ಯುಗಾದಿ ಊಟ. ಒಬ್ಬಟ್ಟು ನಮ್ಮ ಊರಿನದಕ್ಕಿಂತ ತೆಳ್ಳಗಿತ್ತು, ಮಾತು ಮಾತ್ರ ದಪ್ಪಗಿತ್ತು. ಕರ್ನಾಟಕದ ಮುಂದಿನ ವಿಧಾನಸಭೆಯಲ್ಲಿ ಯಾರು ಗೆಲ್ಲುತ್ತಾರೆ, ಯಾವ ಜಾತಿ ಯಾವ ಕಡೆ ವಾಲುತ್ತದೆ ಎಂದು ಗಂಡಸರು ಜಗಳಕ್ಕೇ ನಿಂತಿದ್ದರು. ಅವರಲ್ಲಿ ಅರ್ಧ ಜನ ಅಮೆರಿಕದ ಪೌರರು, ಕರ್ನಾಟಕದಲ್ಲಿ ಮತ ಹಾಕುವಂತಿಲ್ಲ. ನಾನು ಗೆಳತಿಯನ್ನು ಕೇಳಿದೆ, ನಿನ್ನ ಲಕೋಟೆ ಎಲ್ಲಮ್ಮ ಎಂದು.

"ಅಯ್ಯೋ ಆಂಟಿ, ಕಾರಲ್ಲೇ ಇರ್ಬೇಕು. ಸ್ಟ್ಯಾಂಪ್ ಇಲ್ಲ ಮನೇಲಿ. ಈಗ ಯಾರು ಸ್ಟ್ಯಾಂಪ್ ಇಟ್ಕೋತಾರೆ ಹೇಳಿ! ಈ ಸಲ ಏನೋ ಸ್ಕೂಲಿಂದು ಅಷ್ಟೇ, ಇಂಪಾರ್ಟೆಂಟ್ ಅಲ್ಲ."

ಅವಳ ಊರಿನ ವಿಷಯ ಬೇರೆ, ನಮ್ಮ ಹಳೆಯ ಕಟ್ಟಡದ್ದಲ್ಲ. ಆದರೂ ನನಗೆ ನಾಚಿಕೆಯಾಯಿತು. ನಮ್ಮ ಬೆಂಗಳೂರಿನಲ್ಲಿ ಮತದಾನಕ್ಕೆಂದು ಕೊಟ್ಟ ರಜೆಗೆ ಕಾರು ಹತ್ತಿ ಊರಾಚೆ ಹೋಗುವವರ ನೆನಪಾಯಿತು. ಹರಪನಹಳ್ಳಿ ಕಡೆಯ ನನ್ನ ಮತಗಟ್ಟೆಯಲ್ಲಿ ಬೆಳಗಾಗುವ ಮುಂಚೆ ಸಾಲು ನಿಂತಿರುತ್ತಿದ್ದ ಹೆಂಗಸರ ನೆನಪೂ ಆಯಿತು. ಡೆಕ್ಲನ್‌ನನ್ನು ಬೈಯುವ ಮುಂಚೆ ನನ್ನ ಜನರನ್ನು ಬೈಯಬೇಕಿತ್ತು. ಒಬ್ಬಟ್ಟು ಕೊಟ್ಟವರನ್ನು ಬೈಯುವುದು ಹೇಗೆ ಎಂದು ಸುಮ್ಮನಾದೆ.

ಭಾನುವಾರದ ಪಬ್

ಭಾನುವಾರ ಸಂಜೆ ಡೆಕ್ಲನ್ ನಮ್ಮನ್ನು ಊರಿನ ಐರಿಷ್ ಪಬ್ಬಿಗೆ ಕರೆದ. ನಾನು ಪಬ್ಬೆಂದರೆ ಕುಡುಕರ ಸಂತೆ ಎಂದುಕೊಂಡಿದ್ದೆ. ಹೋದರೆ ನಮ್ಮ ಊರಿನ ಭಜನೆಯ ಹಾಗೆ ಸುತ್ತ ಕೂತಿದ್ದರು. ಒಬ್ಬರ ಕೈಯಲ್ಲಿ ಪಿಟೀಲು, ಒಬ್ಬರದು ಕೊಳಲು, ಒಬ್ಬರು ಸಣ್ಣ ತಮಟೆ. ಯಾರೂ ಯಾರಿಗೂ ಶುರುಮಾಡು ಅನ್ನುವುದಿಲ್ಲ, ಒಬ್ಬರು ಎತ್ತಿಕೊಂಡರೆ ಉಳಿದವರು ಸೇರಿಕೊಳ್ಳುತ್ತಾರೆ. ನನಗೆ ಕಿತ್ತಳೆ ರಸ ತಂದುಕೊಟ್ಟರು. ನೋರಾ ಪಕ್ಕದಲ್ಲಿ ಕಾಲು ಕುಟ್ಟುತ್ತಾ ಕೂತಿದ್ದಳು. ಪದಗಳು ಮರೆತಿದ್ದರೂ ತಾಳ ಒಂದೂ ತಪ್ಪಲಿಲ್ಲ.

ಹಾಡಿನ ನಡುನಡುವೆ ರಾಜಕೀಯ. ಆ ಜನಕ್ಕೆ ರಾಜಕೀಯವೆಂದರೆ ನಮಗೆ ಉಪ್ಪಿನಕಾಯಿ ಇದ್ದ ಹಾಗೆ, ಇಲ್ಲದಿದ್ದರೆ ಊಟವೇ ಸೇರದು. ಐರ್ಲೆಂಡಿನ ಯಾವ ಹಳ್ಳಿಯಲ್ಲಿ ಯಾವ ಕುಟುಂಬ ಯಾವ ಪಕ್ಷ, ಯಾವ ವರ್ಷ ಯಾರು ಯಾರಿಗೆ ಕೈಕೊಟ್ಟರು, ಎಲ್ಲ ಬಾಯಲ್ಲೇ ಇತ್ತು. ವಾಷಿಂಗ್ಟನ್ನಿನ ಹೊಸ ಅಧ್ಯಕ್ಷರ ಬಗ್ಗೆಯೂ ಮೇಜು ಗುದ್ದಿ ಮಾತನಾಡಿದರು. ನನ್ನ ಟೀಚರ್ ಬುದ್ಧಿ ತಡೆಯಲಿಲ್ಲ.

"ನಿಮ್ಮಲ್ಲಿ ಎಷ್ಟು ಜನ ಹಳೆಯ ಶಾಲೆಯ ಲಕೋಟೆ ಕಳಿಸಿದಿರಿ?" ಎಂದು ಕೇಳಿದೆ.

ಪಿಟೀಲು ನಿಂತಿತು. ಎಲ್ಲರೂ ಗ್ಲಾಸು ನೋಡಿಕೊಂಡರು. ನಾನು ಹೋಮ್‌ವರ್ಕ್ ಕೇಳಿದಾಗ ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚು ಹೀಗೇ ಆಗುತ್ತಿತ್ತು.

"ಅದು ಪಾಸಾಗತ್ತೆ ಬಿಡಿ," ಎಂದಳು ಪಿಟೀಲಿನವಳು. ಹೆಸರು ಈಫಾ, ನರ್ಸು. "ಯಾರು ಬೇಡ ಅಂತಾರೆ? ನಾನು ಪೌರತ್ವ ತಗೊಂಡಿದ್ದೇ ಏರ್‌ಪೋರ್ಟ್‌ನಲ್ಲಿ ಸಾಲು ಬೇಗ ಮುಗೀಲಿ ಅಂತ."

ತಮಟೆಯ ಮುದುಕ ಮಾರ್ಟಿನ್ ಎಂದ: "ನಾವು ಬಿಟ್ಟು ಬಂದವರು ಟೀಚರ್. ಐರ್ಲೆಂಡ್ ಬಿಟ್ಟು ಬಂದ್ರೆ ಅಲ್ಲಿ ಓಟು ಇಲ್ಲ. ಅಂಚೇಲೂ ಇಲ್ಲ, ಯಾವ ದಾರೀಲೂ ಇಲ್ಲ. ಹುಟ್ಟಿದ ಮನೆ ನಮ್ಮನ್ನ ಲೆಕ್ಕದಿಂದ ತೆಗೀತು. ಸಿಟ್ಟು ಬರ್ಲಿಲ್ಲ, ಒಂಥರಾ ಅಭ್ಯಾಸ ತಪ್ಪಿಹೋಯ್ತು. ಇಲ್ಲಿ ಕೊಟ್ರು, ಆದ್ರೆ ಹಸಿವು ಸತ್ತಿತ್ತು."

ವಾಪಸ್ ನಡೆದು ಬರುವಾಗ ಡೆಕ್ಲನ್ ತನ್ನ ಕಥೆ ಹೇಳಿದ. ಅವನು ಎರಡು ಸಲ ದೇಶ ಬಿಟ್ಟವನು. ಹುಡುಗನಾಗಿದ್ದಾಗ ಕೆಲಸವಿಲ್ಲದೆ ಇಲ್ಲಿಗೆ ಬಂದು, ನೋರಾಳನ್ನು ಇಲ್ಲೇ ಮದುವೆಯಾಗಿ, ಇಬ್ಬರೂ ಇಲ್ಲಿನ ಪೌರರಾದರು. ಆಮೇಲೆ ಐರ್ಲೆಂಡಿನಲ್ಲಿ ಒಳ್ಳೆಯ ಕಾಲ ಬಂತು ಎಂದು ಊರಿಗೆ ಮರಳಿ ಮನೆ ಕಟ್ಟಿಸಿದರು.

"ಪ್ರತಿ ಸಲ ಬೂಟು ಪಾಲಿಶ್ ಮಾಡಿಕೊಂಡು ಹೋಗಿ ಓಟು ಹಾಕಿದೆ," ಎಂದ. "ಕೊನೇ ಸಲ ಒಬ್ಬ ಬಾಗಿಲಿಗೆ ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದ. ಕೆಟ್ಟ ಕಾಲ ಬರೋದೇ ಇಲ್ಲ ಅಂದ. ಅವನಿಗೇ ಹಾಕಿದೆ. ಆಮೇಲೆ ಬ್ಯಾಂಕು ಬಿತ್ತು, ಕೆಲಸ ಬಿತ್ತು, ಮನೆ ಹೋಯ್ತು. ಏರ್‌ಪೋರ್ಟ್‌ನಲ್ಲಿ ನೋರಾ ಅಳ್ತಿದ್ಲು. ಇನ್ನು ಜನ್ಮದಲ್ಲಿ ಪೆಟ್ಟಿಗೆ ಮುಟ್ಟಲ್ಲ ಅಂದ್ಕೊಂಡೆ."

"ಈ ಸಲ ಕೇಳ್ತಿರೋದು ನಿನ್ನ ನೋರಾ ಕೂರೋ ಕಟ್ಟಡ ಕಣಪ್ಪ, ಯಾರೋ ಕೈ ಕುಲುಕಿದವನಲ್ಲ," ಎಂದೆ. ಇಂಗ್ಲಿಷಿನಲ್ಲಿ ಅಷ್ಟು ಖಾರ ಬರಲಿಲ್ಲ. ವಿಜಿ ಅದಕ್ಕೆ ಸ್ವಲ್ಪ ಸಕ್ಕರೆ ಬೆರೆಸಿ ಹೇಳಿದಳು.

"ಆ ಸೂರಿಗೆ ನಾನು ಹತ್ತಿ ಮೊಳೆ ಹೊಡೀತೀನಲ್ಲ ಟೀಚರ್, ಅದೇ ನನ್ನ ಓಟು," ಎಂದ ಅವನು. ನೋರಾಳ ಕೋಟಿನ ಗುಂಡಿ ಹಾಕಿ, ಅವಳ ಕೈ ಹಿಡಿದು ಮುಂದೆ ನಡೆದ.

ನೋರಾಳ ಒಂದು, ಎರಡು

ಮತದಾನದ ಕೊನೆಯ ದಿನ ಮಂಗಳವಾರ. ಸಂಜೆ ಡೆಕ್ಲನ್ ನಮ್ಮ ಬಾಗಿಲು ತಟ್ಟಿ, ಸ್ವಲ್ಪ ಬನ್ನಿ ಎಂದ. ಅವರ ಅಡುಗೆಮನೆಯ ಮೇಜಿನ ಮೇಲೆ ಅವನು ಅಂದು ಜೇಬಿಗಿಟ್ಟುಕೊಂಡಿದ್ದ ಲಕೋಟೆ ಒಡೆದು ಕೂತಿತ್ತು. ಅದು ನೋರಾಳದು. ಬೆಳಿಗ್ಗೆಯಿಂದ ಅವಳು ಅದನ್ನು ಹಿಡಿದುಕೊಂಡು ಓಡಾಡುತ್ತಿದ್ದಳಂತೆ, ಕೆಳಗಿಡುತ್ತಿರಲಿಲ್ಲವಂತೆ.

ಇನ್ನೊಬ್ಬರ ಮತಪತ್ರ ನೋಡಬಾರದೆಂದು ನಾನು ಮುಖ ತಿರುಗಿಸಿದೆ. ಅಷ್ಟು ವರ್ಷದ ಅಭ್ಯಾಸ. ಡೆಕ್ಲನ್, "ನೋಡಿ ಟೀಚರ್, ಇದು ನಡೆಯತ್ತಾ ಹೇಳಿ," ಎಂದು ಮುಂದೆ ಹಿಡಿದ.

ಬೇಕು, ಬೇಡ ಎಂಬ ಎರಡು ಪದಗಳ ಪಕ್ಕ ಒಂದೊಂದು ಸಣ್ಣ ಖಾಲಿ ವೃತ್ತ. ಬೇಕಾದದ್ದನ್ನು ತುಂಬಬೇಕು. ನೋರಾ ಎರಡನ್ನೂ ತುಂಬಿರಲಿಲ್ಲ. ಬೇಕು ಎಂಬುದರ ಪಕ್ಕ ಅಂದವಾಗಿ 1 ಎಂದು ಬರೆದಿದ್ದಳು. ಬೇಡ ಎಂಬುದರ ಪಕ್ಕ 2.

ಡೆಕ್ಲನ್ ನಕ್ಕುಬಿಟ್ಟ. ನಗುತ್ತಲೇ ಅವನ ಕಣ್ಣು ತುಂಬಿತು. ಅವರ ದೇಶದಲ್ಲಿ ಮತ ಹಾಕುವುದೇ ಹಾಗಂತೆ. ನಿಂತವರಿಗೆಲ್ಲ ಇಷ್ಟದ ಕ್ರಮದಲ್ಲಿ ನಂಬರು ಕೊಡಬೇಕು. ಒಂದನೆಯವನು ಸೋತರೆ ಆ ಮತ ಎರಡನೆಯವನಿಗೆ ಹೋಗುತ್ತದೆ, ವ್ಯರ್ಥವಾಗುವುದಿಲ್ಲ. ಐರ್ಲೆಂಡಿನವರನ್ನು ಬಿಟ್ಟರೆ ಬೇಕು ಬೇಡಗಳಿಗೆ ಹೀಗೆ ನಂಬರು ಕೊಡುವವರು ಆ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಯಾರೂ ಇರಲಾರರು.

"ಎರಡು ಬೇಡ ನೋರಾ, ಒಂದು ಸಾಕು," ಎಂದ.

"ಎರಡು ಕೊಡದೇ ಹೇಗೆ?" ಎಂದಳು ನೋರಾ, ದಡ್ಡ ಹುಡುಗನಿಗೆ ಪಾಠ ಹೇಳುವ ದನಿಯಲ್ಲಿ. "ಓಟು ಹಾಳು ಮಾಡಬಾರದು. ಅಪ್ಪ ಬೈತಾನೆ."

ತಪ್ಪಾದರೆ ಹೊಡೆದುಹಾಕಿ ಸರಿಮಾಡಬಹುದು ಎಂದು ವಿಜಿಯ ಮತಪತ್ರದ ಜೊತೆಗಿದ್ದ ಸೂಚನೆಯಲ್ಲಿ ಓದಿದ್ದು ನೆನಪಿತ್ತು. ಹೇಳಿದೆ. ಆದರೆ ಅವಳೇ ಒಪ್ಪಬೇಕು, ನಾವು ತಿದ್ದುವಂತಿಲ್ಲ ಎಂದೂ ಹೇಳಿದೆ. ನಮ್ಮಲ್ಲಿ ಕಣ್ಣು ಕಾಣದವರ ಜೊತೆ ಬರುವ ಸಹಾಯಕರ ಬೆರಳಿಗೂ ಶಾಯಿ ಹಚ್ಚಿ, ಗುಟ್ಟು ಕಾಯುತ್ತೇನೆಂದು ಬರೆಸಿಕೊಳ್ಳುತ್ತೇವೆ ಎಂದೆ. ಡೆಕ್ಲನ್ ಕುರ್ಚಿ ಎಳೆದು ಅವಳ ಪಕ್ಕ ಕೂತ.

"ಇದರಲ್ಲಿ ಯಾವುದು ಗೆಲ್ಲಬೇಕು, ನೀನೇ ತೋರಿಸು."

ನೋರಾ ಒಂದರ ಮೇಲೆ ಬೆರಳಿಟ್ಟಳು. ಅವನು ಅವಳ ಕೈ ಹಿಡಿದು ವೃತ್ತ ತುಂಬಿಸಿದ, ಎರಡರ ಮೇಲೆ ಗೆರೆ ಎಳೆಸಿದ. ಆಮೇಲೆ ಅವಳು ಲಕೋಟೆಯ ಮೇಲೆ ತಾನೇ ಸಹಿ ಮಾಡಿದಳು. ಹೆಸರು ಪೂರ್ತಿ ಬಂತು.

ಗ್ರಂಥಾಲಯದ ಎದುರಿನ ಪೆಟ್ಟಿಗೆ

ವಿಜಿಯದು ಹಿಂದಿನ ವಾರವೇ ಅಂಚೆಗೆ ಹೋಗಿತ್ತು. ಈಗ ಅಂಚೆಗೆ ಹೊತ್ತು ಮೀರಿತ್ತು. ಗ್ರಂಥಾಲಯದ ಎದುರು ಕೌಂಟಿಯವರ ಒಂದು ಕಬ್ಬಿಣದ ಪೆಟ್ಟಿಗೆ ಇದೆ, ರಾತ್ರಿ ಎಂಟಕ್ಕೆ ಮುಚ್ಚುತ್ತಾರೆ, ಸ್ಟ್ಯಾಂಪೂ ಬೇಡ. ವಿಜಿ, ನಾನು, ಅವರಿಬ್ಬರು ಡೆಕ್ಲನ್‌ನ ವ್ಯಾನಿನಲ್ಲಿ ಹೋದೆವು. ಆ ಊರಿನಲ್ಲಿ ಎಂಟಕ್ಕೆ ಇನ್ನೂ ಬೆಳಕು ಉಳಿದಿರುತ್ತದೆ. ರಸ್ತೆಯ ಪಕ್ಕ ಚೆರ್ರಿ ಹೂವು ಉದುರಿ ಒದ್ದೆಯಾಗಿ ಬಿದ್ದಿತ್ತು. ಪೆಟ್ಟಿಗೆಯ ಮುಂದೆ ಐದಾರು ಕಾರು, ಅಷ್ಟೇ.

ನೋರಾ ಇಳಿದು ಲಕೋಟೆಯನ್ನು ಸೀಳಿನೊಳಗೆ ತೂರಿ, ಒಳಗೆ ಬಿದ್ದ ಸದ್ದು ಕೇಳುವವರೆಗೂ ಕಿವಿಗೊಟ್ಟು ನಿಂತಳು. ಆಮೇಲೆ ವ್ಯಾನಿಗೆ ಮರಳಿ, ಲಕೋಟೆಯ ಜೊತೆ ಬಂದಿದ್ದ, ನಾನು ಮತ ಹಾಕಿದೆ ಎಂಬ ಅಂಟುಚೀಟಿಯನ್ನು ತೆಗೆದು ಗಂಡನ ಜಾಕೆಟ್ಟಿಗೆ ಅಂಟಿಸಿದಳು. ಅವನು ಅದನ್ನು ಕೀಳಲಿಲ್ಲ, ನೋಡಲೂ ಇಲ್ಲ.

ನಾನು ಕೇಳಿಯೇಬಿಟ್ಟೆ: "ನಿನ್ನದು?"

"ನನ್ನದು ಅವತ್ತೇ ಹೋಯ್ತಲ್ಲ, ನೀಲಿ ಡಬ್ಬೀಲಿ. ನೀವೇ ನೋಡಿದ್ರಿ."

"ಡೆಕ್ಲನ್, ಅದೇನ್ ಪ್ರಾಬ್ಲಂ ಅಲ್ಲ," ಎಂದಳು ವಿಜಿ. "ಕಂಪ್ಯೂಟರಲ್ಲಿ ಇನ್ನೊಂದು ಪ್ರಿಂಟ್ ತೆಗೀಬಹುದು. ನಮ್ಮನೇಲಿ ಪ್ರಿಂಟರ್ ಇದೆ. ಈಗ ಹೋದ್ರೂ ಟೈಮ್‌ಗೆ ವಾಪಸ್ ಬರ್ಬಹುದು."

ಅವನು ಒಂದು ಕ್ಷಣ ಸ್ಟಿಯರಿಂಗ್ ಹಿಡಿದು ಯೋಚಿಸಿದ. ಹೋಗುತ್ತಾನೆ ಎಂದುಕೊಂಡೆ. "ಬಿಡಿ," ಎಂದ ಆಮೇಲೆ. "ನಮ್ಮ ಮನೇದು ಒಂದು ಬಿತ್ತಲ್ಲ. ನನ್ನೊಂದರಿಂದ ಏನಾಗತ್ತೆ?"

ಪೆಟ್ಟಿಗೆ ಮುಚ್ಚುವುದನ್ನು ನೋಡಬೇಕೆಂದು ನಾನು ಎಲ್ಲರನ್ನೂ ಅಲ್ಲೇ ನಿಲ್ಲಿಸಿಕೊಂಡೆ. ಎಂಟಾಗುತ್ತಲೇ ಹೊಳೆಯುವ ಅಂಗಿ ತೊಟ್ಟ ಚುನಾವಣೆಯ ಇಬ್ಬರು ಗಡಿಯಾರ ನೋಡಿದರು. ಒಬ್ಬಳು ಸಾಲಿನ ಕೊನೆಯ ಕಾರಿನ ಹಿಂದೆ ಹೋಗಿ ಕೈ ಅಗಲಿಸಿ ನಿಂತಳು. ಅವಳ ಹಿಂದೆ ಬಂದವರಿಗೆ ಇಲ್ಲ, ಮುಂದಿದ್ದವರಿಗೆಲ್ಲ ಉಂಟು. ನಾವೂ ಹೀಗೇ ಮಾಡುತ್ತೇವೆ ಎಂದು ಡೆಕ್ಲನ್‌ಗೆ ಹೇಳಿದೆ. ಹೊತ್ತು ಮುಗಿದಾಗ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಹಂಚುತ್ತೇವೆ; ಹಂಚುವುದು ಮುಂದಿನಿಂದಲ್ಲ, ಕಟ್ಟಕಡೆಯವನಿಂದ. ಅವನ ಕೈಗೆ ಮೊದಲ ಚೀಟಿ ಕೊಟ್ಟರೆ ಅವನ ಹಿಂದೆ ಯಾರೂ ಸೇರಲಾಗದು, ಅವನ ಮುಂದೆ ಯಾರೂ ತಪ್ಪಿಹೋಗರು. ಆ ಕೊನೆಯವನು ಹಾಕುವವರೆಗೂ ನಾನು ಪೆಟ್ಟಿಗೆ ಮುಚ್ಚುತ್ತಿರಲಿಲ್ಲ.

"ಚೆನ್ನಾಗಿದೆ," ಎಂದ ಡೆಕ್ಲನ್. "ಆದ್ರೆ ನಾನು ಆ ಸಾಲಲ್ಲಿ ಇಲ್ಲ ಟೀಚರ್."

ಪೆಟ್ಟಿಗೆಯ ಸೀಳಿಗೆ ಬೀಗ ಬಿತ್ತು. ನಾವು ಮನೆಗೆ ಬಂದೆವು.

ಎಣಿಕೆ

ಅಲ್ಲಿನ ಎಣಿಕೆ ನಮ್ಮ ಹಾಗೆ ಒಂದೇ ದಿನದ ಜಾತ್ರೆಯಲ್ಲ. ಅಂಚೆಯಲ್ಲಿ ಬರುತ್ತಲೇ ಇರುತ್ತದೆ, ಅವರು ಎಣಿಸುತ್ತಲೇ ಇರುತ್ತಾರೆ. ಮೊದಲ ದಿನವೇ ಬೇಕು ಎಂದವರು ಅರವತ್ತನ್ನು ಎಷ್ಟೋ ದಾಟಿದ್ದರು. ಪಬ್ಬಿನಲ್ಲಿ ಲಿಂಡಾಗೆ ಜೈಕಾರ ಹಾಕಿದರಂತೆ. ಅವಳು ಮಾತ್ರ ಗ್ಲಾಸು ಮುಟ್ಟಲಿಲ್ಲವಂತೆ.

ಎರಡು ವಾರಕ್ಕೆ ಕೊನೆಯ ಲೆಕ್ಕ ಬಂತು. ಬೇಕು ಎಂದವರು ಭರ್ಜರಿಯಾಗಿ ಗೆದ್ದಿದ್ದರು. ಆದರೆ ಮತ ಹಾಕಿದವರ ಸಂಖ್ಯೆ ಸಾಲದೆ ಕಟ್ಟಡದ ಪ್ರಸ್ತಾಪ ಬಿದ್ದುಹೋಗಿತ್ತು. ಎಷ್ಟು ಜನ ಕಡಿಮೆ ಎಂದು ಕೇಳಿದರೆ, ಆ ಭಾನುವಾರ ಪಬ್ಬಿನಲ್ಲಿ ನನ್ನ ಸುತ್ತ ಕೂತಿದ್ದರಲ್ಲ, ಹೆಚ್ಚುಕಡಿಮೆ ಅಷ್ಟು ಜನ.

ನನ್ನ ಸರ್ವೀಸಿನಲ್ಲಿ ಒಂದೆರಡು ಮತದಿಂದ ಸೋತವರನ್ನು ನೋಡಿದ್ದೇನೆ. ಅಲ್ಲಿ ಸೋಲಿಸಿದವನು ಎದುರಿಗೆ ಹಾರ ಹಾಕಿಕೊಂಡು ನಿಂತಿರುತ್ತಾನೆ, ಬೈಯಲು ಒಂದು ಮುಖ ಸಿಗುತ್ತದೆ. ಇಲ್ಲಿ ಎದುರಾಳಿಯೇ ಇರಲಿಲ್ಲ. ಸೋಲಿಸಿದವರೆಲ್ಲ ನಮ್ಮವರೇ, ಎಲ್ಲರೂ ಒಳ್ಳೆಯವರು, ಎಲ್ಲರೂ ಬೇಕು ಎನ್ನುವವರು. ಆ ದಿನ ನಾನು ಅತ್ತೆ. ನನ್ನದಲ್ಲದ ಊರಿನ, ನನ್ನದಲ್ಲದ ಚುನಾವಣೆಗೆ ಅಳುತ್ತೀಯಲ್ಲ ಎಂದು ವಿಜಿ ಬೈಯುತ್ತಾ ತಾನೂ ಕಣ್ಣೊರೆಸಿಕೊಂಡಳು.

ಡೆಕ್ಲನ್ ಮೂರು ದಿನ ನಮ್ಮ ಕಡೆ ಮುಖ ಹಾಕಲಿಲ್ಲ. ಆಮೇಲೆ ಒಂದು ಸಂಜೆ ಬಂದು ಮೆಟ್ಟಿಲ ಮೇಲೆ ಕೂತ. "ಬರೀರಿ ಬೇಕಾದ್ರೆ," ಎಂದ. ನಾನು ಪ್ರವಾಸದ ಬಗ್ಗೆ ಬರೆಯುತ್ತೇನೆಂದು ವಿಜಿ ಹೇಳಿದ್ದಳು. "ಊರಿನ ಹೆಸರು ಬೇಡ. ಈ ಜನ ಕೆಟ್ಟವರಲ್ಲ. ನನ್ನ ಹೆಸರು ಹಾಕಿ ಪರವಾಗಿಲ್ಲ, ಐರ್ಲೆಂಡಲ್ಲಿ ಬೀದಿಗೊಬ್ಬ ಡೆಕ್ಲನ್ ಇರ್ತಾನೆ." ಎದ್ದು ಹೋಗುವಾಗ ನಮ್ಮ ನೀಲಿ ಡಬ್ಬಿಯನ್ನು ನೋಡಿ ನಿಂತ. ಅದನ್ನು ಎಳೆದುಕೊಂಡು ಹೋಗಿ ರಸ್ತೆಯ ಅಂಚಿಗೆ ನೆಟ್ಟಗೆ ನಿಲ್ಲಿಸಿದ.

ಹೊರಡುವ ಬೆಳಿಗ್ಗೆ

ಜೂನ್ ಕೊನೆಗೆ ಹಳೆಯ ಶಾಲೆಗೆ ಬೀಗ ಬಿತ್ತು. ಅಂಥ ಇನ್ನೊಂದು ಮನೆ ಸೇತುವೆ ದಾಟಿ ಬಹಳ ದೂರ, ಅಲ್ಲೂ ಜಾಗಕ್ಕೆ ಕಾಯುವವರ ಸಾಲಿತ್ತು. ಡೆಕ್ಲನ್ ಸೂರಿನ ಕೆಲಸ ಬಿಟ್ಟ. ಏಣಿಯನ್ನು ಗ್ಯಾರೇಜಿನ ಗೋಡೆಗೆ ಅಡ್ಡ ಮಲಗಿಸಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಅದರ ಮೇಲೆ ಬಳ್ಳಿ ಹಬ್ಬಿತ್ತು. ಬೆಳಗಾದರೆ ನೋರಾ ಕೋಟು ತೊಟ್ಟು ಬಾಗಿಲಲ್ಲಿ ನಿಲ್ಲುವುದು ಮಾತ್ರ ತಪ್ಪಲಿಲ್ಲ. ವ್ಯಾನು ಬರುವುದಿಲ್ಲ ಎಂದು ಅವಳಿಗೆ ಹೇಳಿದರೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ನಾನು ಹೊರಟೆ. ವಿಜಿ ಆಗ ಕೋಲಿಲ್ಲದೆ ನಡೆಯುತ್ತಿದ್ದಳು. ಕಾರಿಗೆ ಪೆಟ್ಟಿಗೆ ಹೇರುತ್ತಿದ್ದಳು. ಹೇಳಿಬರೋಣವೆಂದು ಪಕ್ಕದ ಮನೆಗೆ ಹೋದೆ. ಇಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ನೋರಾ ಕೋಟು ತೊಟ್ಟಿದ್ದಳು, ಗುಂಡಿಗಳನ್ನೆಲ್ಲ ಅವನೇ ಹಾಕಿದ್ದ. ಅವಳ ಮಡಿಲಲ್ಲಿ ಕಾಗದದ ಕರವಸ್ತ್ರಗಳ ಕಟ್ಟುಗಳಿದ್ದವು. ನಾನು ಅವಳ ಕೈ ಹಿಡಿದುಕೊಂಡೆ. ನನ್ನ ಗುರುತು ಹತ್ತಲಿಲ್ಲ. ಆದರೂ ಸೌಜನ್ಯದಿಂದ ನಕ್ಕಳು, ಆಮೇಲೆ ಗಂಡನ ಕಡೆ ತಿರುಗಿದಳು.

"ಎಣಿಕೆ ಮುಗೀತಾ?" ಎಂದು ಕೇಳಿದಳು.

ಡೆಕ್ಲನ್ ನನ್ನನ್ನು ನೋಡಿದ. ದಿನವೂ ಕೇಳುತ್ತಾಳೆ ಎಂಬುದು ಅವನ ಮುಖದಲ್ಲೇ ಗೊತ್ತಾಯಿತು. ಮೊದಮೊದಲು ಸೋತೆವು ಎಂದು ಹೇಳಿದ್ದನಂತೆ. ಪ್ರತಿ ಸಲವೂ ಅವಳು ಹೊಸದಾಗಿ ಅತ್ತಳಂತೆ. ಅದಕ್ಕೇ ಅವನು ಬೇರೆ ಉತ್ತರ ಹುಡುಕಿಕೊಂಡಿದ್ದ. ಅವಳ ಹೆಗಲ ಮೇಲೆ ಕೈಹಾಕಿ, ಬೀದಿಯ ತುದಿಯವರೆಗೂ ಕಣ್ಣು ಹಾಯಿಸಿ ಹೇಳಿದ.

"ಇಲ್ಲ ನೋರಾ. ಒಂದು ಪೆಟ್ಟಿಗೆ ಇನ್ನೂ ಬಂದಿಲ್ಲ."

"ಸಮುದ್ರ ಜೋರಾಗಿದೆಯಾ?"

"ಸಮುದ್ರದ್ದೇನೂ ತಪ್ಪಿಲ್ಲ," ಎಂದ ಡೆಕ್ಲನ್. "ತಡ ಮಾಡಿದ್ದು ನಾನು."